ಗುಜರಿ ಅಂಗಡಿಯಲ್ಲಿ ಸಿಕ್ಕ ಕೊಳದಪ್ಪಲೆಯ ಮೇಲೆ ಬೇರೆಯವರ ಹೆಸರಿದೆ: ಅಳಿಸುವುದೇ, ಉಳಿಸಿಕೊಳ್ಳುವುದೇ?

ಪ್ರಶ್ನೆ
ಕಟ್ಟಿನಕೆರೆ ಓದುಗಿ, ಹಾಸನ

ಹಳೆಯ ಪಾತ್ರೆ ಪಡಗಗಳ ವಿಷಯ ಬಲ್ಲ ಹಿರಿಯರು ಇಲ್ಲಿ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ನಮ್ಮ ಊರಿನ ಒಂದು ಗುಜರಿ ಅಂಗಡಿಯಲ್ಲಿ, ಕರಗಿಸಲು ಕಳುಹಿಸುವುದಕ್ಕೆಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದ ಹಿತ್ತಾಳೆಯ ಚೂರುಪಾರುಗಳ ನಡುವೆ, ಕಂಠದ ಬಳಿ ಒಂದು ಸಣ್ಣ ನೆಗ್ಗು ಬಿಟ್ಟರೆ ಬೇರಾವ ಊನವೂ ಇಲ್ಲದ, ನೀರು ತುಂಬುವ ಒಂದು ಕೊಳದಪ್ಪಲೆ ಕಣ್ಣಿಗೆ ಬಿತ್ತು. ಅಂಗಡಿಯವರು ಅದು ಅರಮನೆಯ ಕಡೆಯಿಂದ ಬಂದದ್ದೆಂದೂ, ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲವೆಂದೂ ಹೇಳಿ, ಆಮೇಲೆ ತಕ್ಕಡಿಗೆ ಹಾಕಿ ಹಳೆಯ ಹಿತ್ತಾಳೆಯ ದರಕ್ಕೇ ಕೊಟ್ಟರು. ಅರಮನೆಯ ವಸ್ತುವನ್ನು ಕಿಲೋ ಲೆಕ್ಕದಲ್ಲಿ ಏಕೆ ಮಾರುತ್ತಿದ್ದೀರಿ ಎಂದು ನಾನು ಕೇಳಲು ಹೋಗಲಿಲ್ಲ. ತೂಕ 3 ಕಿಲೋ 850 ಗ್ರಾಂ ಬಂದಿತು.

ಹುಣಸೆಹಣ್ಣು ಹಾಕಿ ತೊಳೆದ ಮೇಲೆ ಕಂಠದ ಕೆಳಗೆ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಕನ್ನಡ ಅಕ್ಷರಗಳು ಕಾಣಿಸಿದವು. ಮೊದಲ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರು, ಆಮೇಲೆ ‘ಕೋಂ ಶ್ಯಾ॥’ ಎಂದು ಬರೆದು ಒಬ್ಬ ಗಂಡಸಿನ ಹೆಸರು ಇವೆ. ಎರಡನೆಯ ಸಾಲಿನಲ್ಲಿ ಊರಿನ ಹೆಸರಿದ್ದು, ಅದರ ಮೊದಲ ಅಕ್ಷರಗಳು ಸವೆದು ‘ಹಳ್ಳಿ’ ಎಂಬುದಷ್ಟೇ ಉಳಿದಿದೆ. ನಮ್ಮ ಜಿಲ್ಲೆಯಲ್ಲಿ ಅಷ್ಟರಿಂದ ಏನು ತಿಳಿಯಬೇಕು ಎಂದು ನೀವು ನಗಬಹುದು. ಮೂರನೆಯ ಸಾಲು ‘ಚಿತ್ರಭಾನು ಸಂ॥ ಮಾಘ ಶು॥ ೭’ ಎಂದಿದೆ. ಇವುಗಳಿಂದ ದೂರದಲ್ಲಿ, ಪಾತ್ರೆಯ ಇನ್ನೊಂದು ಬದಿಯಲ್ಲಿ, ‘ಸೇ॥ ೧೪’ ಎಂದು ಬೇರೆಯೇ ಕೈಯ ಬರಹವಿದೆ. ದಂಪತಿಗಳ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಅವರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇರುತ್ತಾರೆ, ಅವರ ಅನುಮತಿ ನನಗಿಲ್ಲ.

ಈಗ ಮನೆಯಲ್ಲಿ ಚರ್ಚೆ ಎದ್ದಿದೆ. ಬೇರೆಯವರ ಹೆಸರಿರುವ ಪಾತ್ರೆಯಲ್ಲಿ ದೇವರ ಮನೆಗೆ ನೀರು ಹಿಡಿಯಬಾರದು, ಬಫ್ ಮಾಡಿಸಿ ಹೆಸರನ್ನು ತೆಗೆಸು ಎಂಬುದು ನಮ್ಮ ಅತ್ತೆಯವರ ಮಾತು. ಪಾಲಿಶ್ ಮಾಡುವವರು ಒಂದು ಗಂಟೆಯ ಕೆಲಸವೆಂದು ಹೇಳಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಈ ಬರಹದಿಂದ ಪಾತ್ರೆಯ ಕಾಲವನ್ನೂ ಮೂಲವನ್ನೂ ಎಷ್ಟರ ಮಟ್ಟಿಗೆ ತಿಳಿಯಬಹುದು, ಹೆಸರನ್ನು ಏನು ಮಾಡುವುದು ಸರಿ ಎಂದು ದಯವಿಟ್ಟು ತಿಳಿಸಬೇಕು.


ಉತ್ತರ
ಹಳೇಬೀಡಿನ ನಿವೃತ್ತ ಮೇಷ್ಟರು

ಓದುಗಿಯವರೇ, ಅಂಗಡಿಯವರ ಅರಮನೆಯನ್ನು ಬದಿಗಿಡಿ. ಪಾತ್ರೆಯ ಮೇಲೆ ಇರುವುದು ಅರಮನೆಗಿಂತ ಹೆಚ್ಚು ನಂಬಬಹುದಾದ ಸಾಕ್ಷಿ.

ಮೊದಲು ಸುಲಭವಾದದ್ದನ್ನು ನೋಡೋಣ. ‘ಸೇ॥ ೧೪’ ಎಂಬುದು ಪಾತ್ರೆಯ ತೂಕ. ಇಲ್ಲಿ ಸೇರು ಎಂದರೆ ರಾಗಿ ಅಳೆಯುವ ಸೇರಲ್ಲ, ತೂಕದ ಸೇರು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ 24 ತೊಲಕ್ಕೆ ಒಂದು ಕಚ್ಚಾ ಸೇರು, ಅಂತಹ 40 ಸೇರಿಗೆ ಒಂದು ಮಣ ಎಂಬ ಲೆಕ್ಕ ನಡೆಯುತ್ತಿತ್ತು. ಒಂದು ತೊಲ ಸುಮಾರು 11.66 ಗ್ರಾಂ, ಆದ್ದರಿಂದ ಕಚ್ಚಾ ಸೇರು ಹೆಚ್ಚುಕಡಿಮೆ 280 ಗ್ರಾಂ ಆಗುತ್ತದೆ. ಹದಿನಾಲ್ಕು ಸೇರಿಗೆ 3 ಕಿಲೋ 920 ಗ್ರಾಂ. ನಿಮ್ಮ ತಕ್ಕಡಿ ತೋರಿಸಿದ್ದು 3 ಕಿಲೋ 850 ಗ್ರಾಂ. ಉಳಿದ 70 ಗ್ರಾಂ ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ, ಬೂದಿ ಹಾಕಿ ತಿಕ್ಕಿದ ಎಷ್ಟೋ ಕೈಗಳು ಅದನ್ನು ಬಚ್ಚಲಿನಲ್ಲಿ ಹರಿಸಿವೆ. 80 ತೊಲದ ಪಕ್ಕಾ ಸೇರಿನ ಲೆಕ್ಕ ಹಿಡಿದರೆ ಪಾತ್ರೆ 13 ಕಿಲೋ ತೂಗಬೇಕಾಗಿತ್ತು, ಅದು ಸಾಧ್ಯವಿಲ್ಲ. ಪಾತ್ರೆಯನ್ನು ಕೊಂಡ ದಿನ ಅಂಗಡಿಯಲ್ಲಿ ತೂಗಿ ಗುರುತು ಹಾಕಿಸಿಕೊಳ್ಳುವುದು ಅಂದಿನ ಜಾಣತನ. ಮುಂದೆ ಮಾರಲು ಅಥವಾ ಬದಲಾಯಿಸಲು ಹೋದಾಗ ತೂಕದ ವಿಷಯದಲ್ಲಿ ಯಾರೂ ಮೋಸ ಮಾಡುವಂತಿರಲಿಲ್ಲ. ಬರಹದ ಕೈ ಬೇರೆಯಾಗಿರುವುದಕ್ಕೆ ಕಾರಣವೂ ಇದೇ ಇರಬಹುದು: ತೂಕವನ್ನು ಹೊಡೆದವರು ಅಂಗಡಿಯವರು, ಹೆಸರನ್ನು ಹೊಡೆದವರು ಆಮೇಲೆ ಬೇರೊಬ್ಬರು. ಮೆಟ್ರಿಕ್ ತೂಕಗಳು ನಮ್ಮ ದೇಶದಲ್ಲಿ 1958ರ ಅಕ್ಟೋಬರಿನಿಂದ ಬಳಕೆಗೆ ಬಂದು ಮುಂದಿನ ಕೆಲವು ವರ್ಷಗಳಲ್ಲಿ ಕಡ್ಡಾಯವಾದವು. ಆದ್ದರಿಂದ ಈ ಪಾತ್ರೆ ಅದಕ್ಕಿಂತ ಹಿಂದಿನದೆಂದು ಧಾರಾಳವಾಗಿ ಹೇಳಬಹುದು.

ಇನ್ನು ಸಂವತ್ಸರ. ಪ್ರಭವದಿಂದ ಎಣಿಸಿದರೆ ಹದಿನಾರನೆಯದು ಚಿತ್ರಭಾನು. ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರಾದ್ದರಿಂದ ಇದು 1882ರ ಯುಗಾದಿಯಿಂದ ಆರಂಭವಾದ ಚಿತ್ರಭಾನು ಆಗಬಹುದು, ಇಲ್ಲವೇ 1942ರ ಯುಗಾದಿಯದು ಆಗಬಹುದು. 2002ರ ಚಿತ್ರಭಾನುವನ್ನು ಸೇರಿನ ಲೆಕ್ಕವೇ ತಳ್ಳಿಹಾಕಿತು. ಒಂದು ವಿಷಯ ಎಚ್ಚರವಿರಲಿ: ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಮಾಘಮಾಸ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹೀಗಾಗಿ ನಿಮ್ಮ ಪಾತ್ರೆಯ ತಾರೀಖು 1883ರ ಫೆಬ್ರವರಿ ಅಥವಾ 1943ರ ಫೆಬ್ರವರಿ. ಹಳೆಯ ಪತ್ರಗಳನ್ನು ಓದುವ ಎಷ್ಟೋ ಜನ ಇದನ್ನು ಗಮನಿಸದೆ ಒಂದು ವರ್ಷ ಹಿಂದಕ್ಕೆ ಬರೆದುಬಿಡುತ್ತಾರೆ.

‘ಕೋಂ’ ಎಂದರೆ ಇಂಥವರ ಹೆಂಡತಿ ಎಂಬುದು ಪಹಣಿ, ಪಡಿತರ ಚೀಟಿ ನೋಡಿದವರಿಗೆಲ್ಲ ಗೊತ್ತು. ‘ಶ್ಯಾ॥’ ಎಂಬುದು ಶ್ಯಾನುಭೋಗ, ಅಂದರೆ ಊರಿನ ಲೆಕ್ಕಪತ್ರ ಬರೆಯುವವರು. ಪಟೇಲರಾಗಿದ್ದರೆ ‘ಪ॥’ ಎಂದಿರುತ್ತಿತ್ತು. ಗ್ರಾಮಾಧಿಕಾರ ರದ್ದತಿಯ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶ್ಯಾನುಭೋಗಿಕೆ ಮುಗಿಯಿತು. ಶ್ಯಾನುಭೋಗರ ಹೆಸರಾಗಿರುವುದು ನಿಮಗೆ ದೊಡ್ಡ ಅನುಕೂಲ. ಸಾಮಾನ್ಯ ರೈತನ ಹೆಸರನ್ನು ಊರು ತಿಳಿಯದೆ ಹುಡುಕುವುದು ಕಷ್ಟ, ಆದರೆ ಶ್ಯಾನುಭೋಗರ ರುಜು ಊರಿನ ಪ್ರತಿಯೊಂದು ಕಾಗದದಲ್ಲೂ ಇರುತ್ತಿತ್ತು. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ (ಪತ್ರ ಬರೆದವರು) ಎಂದು ಬರೆದು ಕೆಳಗೆ ಹೆಸರು ಹಾಕುತ್ತಿದ್ದವರು ಬಹುಮಟ್ಟಿಗೆ ಅವರೇ. ಊರಿನ ಹೆಸರು ಪೂರ್ತಿ ಸಿಕ್ಕಿದರೆ ಅಲ್ಲಿನ ಯಾವುದಾದರೂ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಈ ಹೆಸರು ದೊರೆಯದೆ ಇರುವುದಿಲ್ಲ.

ಸವೆದ ಅಕ್ಷರಗಳಿಗೆ ಒಂದು ಉಪಾಯ ಹೇಳುತ್ತೇನೆ. ಕತ್ತಲೆಯ ಕೋಣೆಯಲ್ಲಿ ಪಾತ್ರೆಯನ್ನು ಇಟ್ಟು ಟಾರ್ಚನ್ನು ಎದುರಿನಿಂದ ಬಿಡದೆ, ಪಕ್ಕದಿಂದ, ಲೋಹದ ಮೈಯನ್ನು ಸವರಿಕೊಂಡು ಹೋಗುವಂತೆ ಬಿಡಿ. ತಗ್ಗುಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಆಮೇಲೆ ತೆಳುವಾದ ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಶಾಸನಗಳ ಅಚ್ಚು ತೆಗೆಯುವವರು ಒದ್ದೆ ಕಾಗದ ಮತ್ತು ಮಸಿಯಿಂದ ಮಾಡುವ ಕೆಲಸದ ಮನೆಮಟ್ಟದ ರೂಪವಿದು.

ಹೆಸರನ್ನು ಅಳಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಳಿಸಿದ ಮೇಲೆ ನಿಮ್ಮ ಬಳಿ ಉಳಿಯುವುದು 3 ಕಿಲೋ 800 ಗ್ರಾಂ ಹಿತ್ತಾಳೆ ಮಾತ್ರ.


ಉತ್ತರ
ಬಸವನಹಳ್ಳಿ ಬೀಟೆ, ಚಿಕ್ಕಮಗಳೂರು

ಮೇಷ್ಟರು ಹೇಳಿದ ‘ಅರಮನೆಯನ್ನು ಬದಿಗಿಡಿ’ ಎಂಬ ಮಾತಿಗೆ ನನ್ನದೊಂದು ಸಮರ್ಥನೆ. ಹಳೆಯ ಪೀಠೋಪಕರಣಗಳನ್ನು ದುರಸ್ತಿ ಮಾಡಿ ಕೊಡುವುದು ನನ್ನ ವೃತ್ತಿಯಾದ್ದರಿಂದ ಇಂತಹ ಕಥೆಗಳನ್ನು ದಿನವೂ ಕೇಳುತ್ತೇನೆ. ಹಾಸನದಲ್ಲಿ ಎಲ್ಲವೂ ಅರಮನೆಯಿಂದ ಬಂದಿದ್ದರೆ, ನಮ್ಮ ಊರಿನಲ್ಲಿ ಎಲ್ಲವೂ ಬ್ರಿಟಿಷ್ ದೊರೆಯ ಎಸ್ಟೇಟ್ ಬಂಗಲೆಯಿಂದ ಬಂದಿರುತ್ತದೆ. ಹೋಂಸ್ಟೇಗಳು ಹೆಚ್ಚಿದ ಮೇಲೆ ಅಂಗಳಕ್ಕೊಂದು ಒರಳುಕಲ್ಲು, ಜಗುಲಿಗೊಂದು ಲಾಟೀನು, ಗೋಡೆಗೊಂದು ಪೆಂಡ್ಯುಲಂ ಗಡಿಯಾರ ಎಲ್ಲರಿಗೂ ಬೇಕಾಯಿತು. ಬೇಡಿಕೆ ಬಂದಷ್ಟು ಬೇಗ ಹಳೆಯ ವಸ್ತುಗಳು ಹುಟ್ಟುವುದಿಲ್ಲವಲ್ಲ, ಹೀಗಾಗಿ ಕಥೆಗಳು ಹುಟ್ಟಿದವು. ಹೊಸ ಹಿತ್ತಾಳೆಗೆ ಆಸಿಡ್ ಹಚ್ಚಿ ಕಪ್ಪು ಮಾಡಿ ತರುವವರೂ ಇದ್ದಾರೆ. ಅಂಥದ್ದರಲ್ಲಿ ಕಪ್ಪು ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ. ನಿಜವಾಗಿ ಬಳಸಿದ ಪಾತ್ರೆಯಲ್ಲಿ ಕೈ ಹಿಡಿಯುವ ಕಂಠ ನುಣುಪಾಗಿರುತ್ತದೆ, ನೆಲಕ್ಕೆ ಉಜ್ಜುವ ತಳದ ಅಂಚು ಸವೆದಿರುತ್ತದೆ, ಕೈ ಹೋಗದ ಒಳಮೂಲೆಯಲ್ಲಿ ಮಾತ್ರ ಕಿಲುಬು ಕೂತಿರುತ್ತದೆ.

ವಸ್ತುವಿನ ಮೇಲಿನ ಗುರುತು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರು ಸಿಂಗರ್ ಹೊಲಿಗೆ ಯಂತ್ರವೊಂದನ್ನು ತಂದು, ಇದು ವಿಕ್ಟೋರಿಯಾ ರಾಣಿಯ ಕಾಲದ ದೊರೆಸಾನಿಯದು ಎಂದರು. ಯಂತ್ರದ ತಳಹದಿಯ ಮೇಲೆ ಬಲಬದಿಯಲ್ಲಿ ಒತ್ತಿದ್ದ ಸಂಖ್ಯೆಯ ಮೊದಲಿಗೆ ‘ವೈ’ ಎಂಬ ಇಂಗ್ಲಿಷ್ ಅಕ್ಷರವಿತ್ತು. ಸಿಂಗರ್ ಕಂಪನಿಯವರು ಸಂಖ್ಯೆಗೆ ಮೊದಲು ಅಕ್ಷರ ಸೇರಿಸತೊಡಗಿದ್ದೇ 1900ರ ಸುಮಾರಿಗೆ. ‘ವೈ’ ಅಕ್ಷರದ ಯಂತ್ರಗಳು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ 1920 ಮತ್ತು 30ರ ದಶಕಗಳಲ್ಲಿ ತಯಾರಾದವು. ರಾಣಿ ಸತ್ತದ್ದು 1901ರಲ್ಲಿ. ಅದಕ್ಕಿಂತ ಮಿಗಿಲಾಗಿ, ಸೂಜಿಯ ಮುಂದಿನ ತಗಡು ಸವೆದಿದ್ದ ರೀತಿಯನ್ನು ನೋಡಿದರೆ ಅದು ದೊರೆಸಾನಿಯ ಹವ್ಯಾಸದ ಯಂತ್ರವಲ್ಲ, ಹೊಲಿದು ಹೊಟ್ಟೆ ಹೊರೆದ ಒಬ್ಬ ದರ್ಜಿಯ ಯಂತ್ರ. ನನ್ನ ದೃಷ್ಟಿಯಲ್ಲಿ ಇದು ದೊರೆಸಾನಿಯ ಕಥೆಗಿಂತ ಒಳ್ಳೆಯ ಕಥೆ, ಆದರೆ ತಂದವರಿಗೆ ನಿರಾಸೆಯಾಯಿತು.

ಗಡಿಯಾರಗಳಲ್ಲೂ ಹೀಗೆಯೇ. ‘ಮೇಡ್ ಇನ್ ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಬಹುತೇಕ 1887ರ ಬ್ರಿಟಿಷ್ ಸರಕು ಮುದ್ರೆಯ ಕಾಯಿದೆಯ ನಂತರದ್ದು, ಏಕೆಂದರೆ ಪರದೇಶದ ಸರಕಿನ ಮೇಲೆ ಆಯಾ ದೇಶದ ಹೆಸರು ಹಾಕುವ ಪದ್ಧತಿ ಆ ಕಾಯಿದೆಯಿಂದಲೇ ಬಲಗೊಂಡದ್ದು. ನಿಮ್ಮ ಪಾತ್ರೆಯ ಹೆಸರನ್ನು ಅಳಿಸಿದರೆ ಮುಂದೆ ಯಾರೋ ಒಬ್ಬರು ಅದನ್ನು ಮತ್ತೆ ಅರಮನೆಗೆ ಸೇರಿಸುತ್ತಾರೆ. ಅದಕ್ಕಾಗಿಯಾದರೂ ಉಳಿಸಿ.


ಉತ್ತರ
ಅರಸೀಕೆರೆ ಕಾಯಿತುರಿ

ಇಬ್ಬರು ಗಂಡಸರೂ ಕಾಲನಿರ್ಣಯದಲ್ಲಿ ಮುಳುಗಿ ತಿಥಿಯನ್ನೇ ಬಿಟ್ಟಿದ್ದಾರೆ. ಮಾಘ ಶುದ್ಧ ಸಪ್ತಮಿ ಎಂದರೆ ರಥಸಪ್ತಮಿ. ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡಿ, ಸೂರ್ಯನಿಗೆ ಅರ್ಘ್ಯ ಕೊಟ್ಟು, ಕೈಲಾದ ದಾನ ಮಾಡುವ ದಿನ. ಮದುವೆಯ ಬಳುವಳಿಯ ಪಾತ್ರೆ ಎಂದು ಯಾರಾದರೂ ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ತವರಿನವರು ಕೊಟ್ಟ ಪಾತ್ರೆಯಾಗಿದ್ದರೆ ಅಪ್ಪನ ಹೆಸರೋ ಅಣ್ಣನ ಹೆಸರೋ ಇರುತ್ತಿತ್ತು. ಇಲ್ಲಿ ಹೆಂಗಸಿನ ಹೆಸರು ಮೊದಲು ಬಂದು, ಗಂಡನ ಹೆಸರು ಅವಳನ್ನು ಗುರುತಿಸುವುದಕ್ಕೆ ಮಾತ್ರ ಬಂದಿದೆ. ಕೊಟ್ಟವಳು ಆಕೆ. ವ್ರತದ ಉದ್ಯಾಪನೆಗೆ ದಾನ ಕೊಟ್ಟಿರಬಹುದು, ದೇವಸ್ಥಾನಕ್ಕೆ ಒಪ್ಪಿಸಿರಬಹುದು, ಅಥವಾ ತನ್ನ ಸ್ವಂತ ಹಣದಲ್ಲಿ ಮನೆಗೇ ಕೊಂಡು ಒಳ್ಳೆಯ ದಿನ ನೋಡಿ ಹೆಸರು ಹೊಡೆಸಿರಬಹುದು. ದೇವರ ಹೆಸರಾಗಲಿ ‘ಸೇವಾರ್ಥ’ ಎಂಬ ಮಾತಾಗಲಿ ಇಲ್ಲದಿದ್ದರೆ ದೇವಸ್ಥಾನದ್ದಲ್ಲವೆಂದು ನನಗೆ ತೋರುತ್ತದೆ, ಆದರೂ ಇನ್ನೊಮ್ಮೆ ಸುತ್ತಲೂ ಹುಡುಕಿ. ದೇವಸ್ಥಾನದ ಪಾತ್ರೆಯಾಗಿದ್ದರೆ ಅದನ್ನು ಕೇಳಿ ಹಿಂದಿರುಗಿಸುವುದೇ ಸರಿ, ಅಲ್ಲಿ ಬೇರೆ ಮಾತಿಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ ಇದಿಷ್ಟನ್ನು ಹೇಳಿ. ನಮ್ಮ ಮನೆಯ ಹಂಡೆಯ ಮೇಲೆ ನಮ್ಮ ಅತ್ತೆಯ ಅತ್ತೆಯ ಹೆಸರಿದೆ, ಪರಾತದ ಮೇಲೆ ಯಾರೋ ಸೋದರಮಾವನ ಹೆಸರಿದೆ, ಚೊಂಬಿನ ಮೇಲೆ ಪಕ್ಕದ ಬೀದಿಯವರ ಮುಂಜಿಯ ತಾರೀಖಿದೆ. ನಮ್ಮವರದೇ ಹೆಸರಿರುವ ಪಾತ್ರೆಗಳು ಎಷ್ಟೋ ಮನೆಗಳಲ್ಲಿ ಇವೆ. ಪಾತ್ರೆ ಎಂಬುದು ಮದುವೆ, ಗೃಹಪ್ರವೇಶ, ಸೀಮಂತ ಎಂದು ಕೈಯಿಂದ ಕೈಗೆ ಹೋಗುವುದಕ್ಕೇ ಇರುವುದು. ಹೆಸರು ಹೊಡೆಸುತ್ತಿದ್ದದ್ದೂ ಹತ್ತು ಮನೆಯ ಪಾತ್ರೆಗಳು ಒಂದೇ ಮದುವೆಯ ಅಡುಗೆಗೆ ಹೋದಾಗ ತಿರುಗಿ ಸರಿಯಾದ ಮನೆಗೆ ಬರಲಿ ಎಂದೇ. ಕೊಂಡವರು ಹಳೆಯ ಹೆಸರನ್ನು ಅಳಿಸಿದ್ದನ್ನು ನಾನು ಕಂಡಿಲ್ಲ, ಕೆಳಗೆ ತಮ್ಮ ಹೆಸರನ್ನು ಸೇರಿಸಿದ್ದನ್ನು ಕಂಡಿದ್ದೇನೆ. ಬೇಕಾದರೆ ನೀವೂ ಅತ್ತೆಯವರ ಹೆಸರನ್ನೇ ಸೇರಿಸಿ, ಆಗ ಅವರು ಇನ್ನೊಂದು ಹೆಸರನ್ನು ಅಳಿಸುವ ಮಾತು ಎತ್ತಲಾರರು.

ನಾನು ಒಪ್ಪದ ಒಂದೇ ವಿಷಯವೆಂದರೆ ಇಂತಹ ಪಾತ್ರೆಯನ್ನು ಗಾಜಿನ ಬೀರುವಿನಲ್ಲಿ ಇಡುವುದು ಅಥವಾ ಅದರಲ್ಲಿ ಪ್ಲಾಸ್ಟಿಕ್ ಹೂ ತುಂಬುವುದು. ಕೊಳದಪ್ಪಲೆಗೆ ನೀರು ತುಂಬಿ.


ಪ್ರಶ್ನೆ ಕೇಳಿದವರಿಂದ
ಕಟ್ಟಿನಕೆರೆ ಓದುಗಿ, ಹಾಸನ

ಇಷ್ಟು ವಿವರವಾದ ಉತ್ತರಗಳಿಗೆ ಮೂವರಿಗೂ ಕೃತಜ್ಞತೆಗಳು. ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿದಾಗ ‘ಹಳ್ಳಿ’ಗೆ ಮೊದಲು ಒಂದು ಒತ್ತಕ್ಷರದ ಬಾಲ ಸ್ಪಷ್ಟವಾಗಿ ಕಾಣಿಸಿತು, ಅದು ಟ ಒತ್ತು ಎಂದು ನನಗೂ ನನ್ನ ಪತಿಗೂ ತೋರಿತು. ‘ಕಟ್ಟೆಹಳ್ಳಿ’, ‘ಶೆಟ್ಟಿಹಳ್ಳಿ’, ‘ಹಟ್ಟಿಹಳ್ಳಿ’ ಎಂದು ಊಹಿಸುತ್ತಾ ಹೋದರೆ ಮತ್ತೆ ಜಿಲ್ಲೆಯ ತುಂಬ ಊರುಗಳು ಏಳುತ್ತವೆ. ದೇವರ ಹೆಸರು ಎಲ್ಲಿಯೂ ಇಲ್ಲ. ಬೀಟೆಯವರು ತಳದ ಸವೆತದ ಮಾತು ಎತ್ತಿದ್ದರಿಂದ ಅದನ್ನೂ ನೋಡಿದೆ, ತಳವನ್ನು ಬದಲಾಯಿಸಿದ ಗುರುತು ಕಾಣಲಿಲ್ಲ, ಆದರೆ ನೆಗ್ಗಿನ ಹತ್ತಿರ ಬೂದುಬಣ್ಣದ ಒಂದು ಸಣ್ಣ ಬೆಸುಗೆಯ ತೇಪೆ ಇದೆ.

ಒಂದು ಹೊಸ ಪ್ರಶ್ನೆಯೂ ಎದ್ದಿದೆ. ಊರು ಗೊತ್ತಾಗಿ, ಮನೆತನವೂ ಗೊತ್ತಾದರೆ, ಪಾತ್ರೆಯನ್ನು ಅವರಿಗೆ ಹಿಂದಿರುಗಿಸಬೇಕೇ? ನಾನು ಹಣ ಕೊಟ್ಟು ಕೊಂಡಿದ್ದೇನೆ ಎಂಬುದು ನಿಜ, ಆದರೂ ಕೇಳುತ್ತಿದ್ದೇನೆ.


ಉತ್ತರ
ಹಿನ್ನೀರಿನ ಹುಡುಗ, ಸದ್ಯ ಚಿಕ್ಕಮಗಳೂರು

ಹಿಂದಿರುಗಿಸುವ ಪ್ರಶ್ನೆಗೆ, ಹೀಗೆಯೇ ಪಾತ್ರೆಗಳನ್ನು ಮಾರಿದ ಒಂದು ಮನೆಯ ಕಡೆಯಿಂದ ಉತ್ತರಿಸುತ್ತೇನೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದಾಗ ನೀರಿನಡಿಗೆ ಹೋದ ಹಳ್ಳಿಗಳಲ್ಲಿ ನಮ್ಮದೂ ಒಂದು. ಇಂದು ಜನ ಮಳೆಗಾಲದಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿಯ ಚರ್ಚಿನ ಫೋಟೋ ತೆಗೆಯಲು ಬರುತ್ತಾರೆ. ಚರ್ಚಿನ ಗೋಡೆಗಳು ಗಾರೆ ಹಾಕಿ ಕಟ್ಟಿದವಾದ್ದರಿಂದ ನಿಂತವು, ನಮ್ಮ ಮಣ್ಣಿನ ಗೋಡೆಗಳು ನಿಲ್ಲಲಿಲ್ಲ.

ಮನೆ ಬಿಡುವ ಮೊದಲು ನಮ್ಮ ಅಜ್ಜಿ ಹಿತ್ತಾಳೆ ತಾಮ್ರಗಳನ್ನು ಎರಡು ರಾಶಿಯಾಗಿ ಮಾಡಿದರಂತೆ. ಗಾಡಿಯಲ್ಲಿ ಹಿಡಿಸುವಂಥವು ಒಂದು ಕಡೆ, ಹಿಡಿಸದ ಹಂಡೆ, ಕೊಳಗ, ಕೊಪ್ಪರಿಗೆಗಳು ಇನ್ನೊಂದು ಕಡೆ. ಎರಡನೆಯ ರಾಶಿಯನ್ನು ಒಬ್ಬ ವ್ಯಾಪಾರಿ ಬಂದು ತೂಕಕ್ಕೆ ಕೊಂಡುಹೋದ. ಹೊಸ ಮನೆಯ ಅಡುಗೆಕೋಣೆಯಲ್ಲಿ ಅವುಗಳನ್ನು ಇಡಲು ಜಾಗವಿರಲಿಲ್ಲ, ಹಣಕ್ಕೆ ಮಾತ್ರ ಜಾಗವಿತ್ತು. ಉಳಿದ ಮೊದಲ ರಾಶಿಯೂ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸ್ಟೀಲ್ ಪಾತ್ರೆಯ ಅಂಗಡಿಗೆ ಹೋಯಿತು, ಹಳೆಯ ಹಿತ್ತಾಳೆ ಕೊಟ್ಟು ಹೊಳೆಯುವ ಸ್ಟೀಲ್ ತರುವುದು ಆಗ ಎಲ್ಲ ಹೆಂಗಸರ ಹೆಮ್ಮೆಯಾಗಿತ್ತು. ಅವರನ್ನು ದೂರುವವರು ಬಾವಿಯಿಂದ ನಾಲ್ಕು ಕಿಲೋ ಹಿತ್ತಾಳೆಯಲ್ಲಿ ನೀರು ಹೊತ್ತು ನೋಡಬೇಕು.

ಹೀಗಾಗಿ ಹೇಳುತ್ತೇನೆ. ಮನೆತನ ಪತ್ತೆಯಾದರೆ ಪಾತ್ರೆಯನ್ನು ಹೊತ್ತುಕೊಂಡು ಅವರ ಬಾಗಿಲಿಗೆ ಹೋಗಬೇಡಿ. ಯಾವ ಕಷ್ಟದಲ್ಲಿ, ಯಾರಿಗೂ ತಿಳಿಸದೆ, ಯಾರು ಮಾರಿದರೋ ನಿಮಗೆ ಗೊತ್ತಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳ ಆರಿದ ಮನೆಯಲ್ಲಿ ಒಂದು ಪಾತ್ರೆ ಮತ್ತೆ ಬೆಂಕಿ ಹಚ್ಚಬಹುದು. ಮೊದಲು ಅಕ್ಷರಗಳ ಫೋಟೋವನ್ನೂ ಪೆನ್ಸಿಲಿನ ಅಚ್ಚನ್ನೂ ಕಳುಹಿಸಿ, ಇದು ನನ್ನ ಬಳಿ ಕ್ಷೇಮವಾಗಿದೆ, ನೋಡಬೇಕೆನಿಸಿದರೆ ಬನ್ನಿ ಎಂದು ತಿಳಿಸಿ. ನಮ್ಮ ಅಜ್ಜಿಯ ಹೆಸರಿರುವ ಹಂಡೆ ಯಾರ ಮನೆಯಲ್ಲಾದರೂ ಇದ್ದರೆ ನಾನು ಬಯಸುವುದು ಅಷ್ಟನ್ನೇ. ಅದನ್ನು ಹಿಂದಕ್ಕೆ ಕೊಟ್ಟರೆ ಇಡುವುದಕ್ಕೆ ನನ್ನ ಬಾಡಿಗೆ ಮನೆಯಲ್ಲಿ ಇಂದಿಗೂ ಜಾಗವಿಲ್ಲ.


ಉತ್ತರ
ಹಳೇಬೀಡಿನ ನಿವೃತ್ತ ಮೇಷ್ಟರು

ಹಿನ್ನೀರಿನ ಹುಡುಗರ ಮಾತಿಗೆ ನನ್ನ ಸಮ್ಮತಿಯಿದೆ, ಒಂದು ಅಂಶದ ಹೊರತು. ಅವರು ಬೇಡವೆಂದರೂ ಕೆಲವು ಮನೆಗಳಿಗೆ ಬೇಕಾಗಿರುತ್ತದೆ, ಕೇಳಿದರೆ ಕೊಂಡ ಬೆಲೆಗೆ ಕೊಡುವ ಮನಸ್ಸು ಓದುಗಿಯವರಿಗೆ ಇರಲಿ. ಕೇಳದಿದ್ದರೆ ಕೊಡುವ ಹೊಣೆ ಇಲ್ಲ.

ತಳ ಬದಲಾಗಿಲ್ಲ ಎಂದು ತಿಳಿಸಿದ್ದೀರಿ. ದಿನವೂ ನೀರು ಹೊತ್ತು ಕಲ್ಲುಚಪ್ಪಡಿಯ ಮೇಲೆ ಇಳಿಸುತ್ತಿದ್ದ ಪಾತ್ರೆ 140 ವರ್ಷದ್ದಾಗಿದ್ದರೆ ತಳವನ್ನು ಒಮ್ಮೆಯಾದರೂ ಕಟ್ಟಿಸಬೇಕಾಗಿ ಬರುತ್ತಿತ್ತು ಎಂಬುದು ನನ್ನ ಎಣಿಕೆ. ಬರಹದಲ್ಲಿ ‘ಇ’ ಬರಬೇಕಾದ ಕಡೆ ‘ಯಿ’, ‘ಒ’ ಬರಬೇಕಾದ ಕಡೆ ‘ವೊ’ ಎಂಬಂತಹ ಹಳೆಯ ರೂಢಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಎರಡನೆಯ ಚಿತ್ರಭಾನುವಿನ ಕಡೆಗೆ, ಅಂದರೆ 1943ರ ಫೆಬ್ರವರಿಯ ಕಡೆಗೆ ನಾನು ವಾಲುತ್ತೇನೆ. ಇದು ಒಲವು ಮಾತ್ರ, ತೀರ್ಪಲ್ಲ. ಎಲ್ಲಿ ತಯಾರಾಯಿತು ಎಂದು ಕೇಳಿದರೆ, ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ನಮ್ಮ ಜಿಲ್ಲೆಯ ಶ್ರವಣಬೆಳಗೊಳ ಹಿಂದೆ ಹೆಸರಾದ ಊರು. ಆದರೆ ತಯಾರಕರ ಮುದ್ರೆಯಿಲ್ಲದೆ ಈ ಪಾತ್ರೆಗೆ ಆ ಊರನ್ನು ಅಂಟಿಸಿದರೆ ನಾನೂ ಗುಜರಿ ಅಂಗಡಿಯವರ ಸಾಲಿಗೆ ಸೇರುತ್ತೇನೆ.

1883 ಎಂದಾದರೆ ಮಾತ್ರ ಒಂದು ಕಾನೂನಿನ ವಿಷಯ ನೆನಪಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲಕೆಲಸದ ವಸ್ತುಗಳು ಪ್ರಾಚ್ಯವಸ್ತುಗಳೆನಿಸಬಹುದು, ಅವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಮನೆಯಲ್ಲಿ ಇಟ್ಟುಕೊಂಡು ಬಳಸುವುದಕ್ಕೆ ತೊಂದರೆಯಿಲ್ಲ, ವಿದೇಶದಲ್ಲಿರುವ ಮಕ್ಕಳಿಗೆ ನೆನಪಿನ ಕಾಣಿಕೆಯೆಂದು ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಲು ಹೋಗಬೇಡಿ.


ಪ್ರಶ್ನೆ ಕೇಳಿದವರಿಂದ
ಕಟ್ಟಿನಕೆರೆ ಓದುಗಿ, ಹಾಸನ

‘ಯಿ’ ಮತ್ತು ‘ವೊ’ ಎರಡೂ ಇಲ್ಲ, ಅಕ್ಷರಗಳು ಇಂದಿನ ರೂಢಿಯಂತೆಯೇ ಇವೆ. ಬಫ್ ಮಾಡಿಸುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಕೊಟ್ಟವರು ಹೆಂಗಸು, ಅದೂ ರಥಸಪ್ತಮಿಯಂದು ಎಂದು ಓದಿ ಹೇಳಿದ ಮೇಲೆ ಅತ್ತೆಯವರೇ ಮನಸ್ಸು ಬದಲಾಯಿಸಿದರು. ತಮ್ಮ ಹೆಸರು ಸೇರಿಸುವುದು ಮಾತ್ರ ಬೇಡವೆಂದರು, ಆ ಕಾರಣವನ್ನು ಹೇಳಲಿಲ್ಲ. ಊರಿನ ಹುಡುಕಾಟಕ್ಕೆ ಪೆನ್ಸಿಲಿನ ಅಚ್ಚನ್ನು ಹಿಡಿದುಕೊಂಡು ಪರಿಚಿತ ಪತ್ರಬರಹಗಾರರೊಬ್ಬರನ್ನು ಕಾಣುತ್ತೇನೆ, ‘ಬಿಕ್ಕಲಂ’ ಹೆಸರುಗಳನ್ನು ಅವರಷ್ಟು ಓದಿದವರು ಕಡಿಮೆ. ಬಳಸುವ ಮೊದಲು ಕಲಾಯಿ ಹಾಕಿಸಬೇಕೇ ಎಂಬುದನ್ನು ಅರಸೀಕೆರೆಯವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ
ಅರಸೀಕೆರೆ ಕಾಯಿತುರಿ

ಬರಿಯ ನೀರು ಹಿಡಿಯುವುದಕ್ಕೆ ಕಲಾಯಿ ಬೇಕಾಗಿಲ್ಲ. ಹುಳಿ, ಮಜ್ಜಿಗೆ, ನಿಂಬೆ ಮುಂತಾದವು ಹಿತ್ತಾಳೆಗೆ ತಗುಲಿದರೆ ಕಿಲುಬು ಬಿಡುತ್ತದೆ, ಅಂತಹ ಅಡುಗೆಯ ಪಾತ್ರೆಗಳಿಗೆ ಮಾತ್ರ ಒಳಗೆ ತವರದ ಕಲಾಯಿ ಕಡ್ಡಾಯ. ಕಲಾಯಿ ಹಾಕುವಾಗ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ ನವಸಾಗರ ಎರಚಿ ತವರವನ್ನು ಹತ್ತಿಯಿಂದ ಸವರುತ್ತಾರೆ. ತವರ 232 ಡಿಗ್ರಿಗೇ ಕರಗುವುದರಿಂದ ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿ ಹೋದಂತೆಯೇ.

ನನಗೆ ಚಿಂತೆ ಹುಟ್ಟಿಸಿದ್ದು ನೀವು ಬರೆದ ಬೂದುಬಣ್ಣದ ತೇಪೆ. ಹಳೆಯ ಕಾಲದ ಮೆದು ಬೆಸುಗೆಯಲ್ಲಿ ತವರದ ಜೊತೆ ಸೀಸವೂ ಸೇರಿರುತ್ತಿತ್ತು. ತೇಪೆ ಒಳಬದಿಗೂ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಅದನ್ನು ಪಾತ್ರೆ ಕೆಲಸದವರಲ್ಲಿ ತೆಗೆಸಿ ಹಿತ್ತಾಳೆಯ ಗಟ್ಟಿ ಬೆಸುಗೆ ಹಾಕಿಸುವವರೆಗೆ ಕುಡಿಯುವ ನೀರಿಗೆ ಬಳಸಬೇಡಿ, ಕಾಲು ತೊಳೆಯುವ ನೀರಿಗೋ ಗಿಡಕ್ಕೋ ಆಗಲಿ. ಬೆಸುಗೆಗೆ ಕೊಡುವಾಗ ಹೆಸರಿನ ಭಾಗಕ್ಕೆ ಉರಿ ಮತ್ತು ಅರ ಎರಡೂ ತಾಗಬಾರದೆಂದು ಬಾಯಲ್ಲಿ ಹೇಳಿದರೆ ಸಾಲದು, ಅಕ್ಷರಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿ. ತೊಳೆಯುವಾಗಲೂ ಆ ಭಾಗಕ್ಕೆ ರಂಗೋಲಿ ಪುಡಿ, ಇಟ್ಟಿಗೆ ಪುಡಿ ಹಾಕಬೇಡಿ. ಹುಣಸೆನೀರು ಹಚ್ಚಿ ಹತ್ತು ನಿಮಿಷ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೂಡಲೇ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಕು.